ಶೆರಿ, ಒಂದು

ಹನ್ನೊಂದು ವರ್ಷ, ಶಟರ್ ಇಳಸೂ ಮೊದಲ
ಸ್ಟಾಕಿನ ವಹಿಯೊಳಗ ನಾ ಬರದದ್ದು ಇದ:
ವಿಸ್ಕಿ ಇಷ್ಟು, ರಮ್ ಇಷ್ಟು, ಬೀರು ಇಷ್ಟು ಪೆಟ್ಟಿಗಿ,
ಶೆರಿ, ಒಂದು.

ಕೇಶ್ವಾಪುರದ ಅಂಗಡಿ. ಗಡಿಯಾರದ ಮಗ್ಗಲಕ, ಮ್ಯಾಲಿನ ಹಲಗಿಗೆ
ಅದನ್ನ ಇಟ್ಟವರು ಮಾಲಕರು, ಅಂಬಾಸಾ.
ಗೂಡ್ಸ್ ಗಾರ್ಡನ ಹೆಂಡತಿ ಮಿಸೆಸ್ ರೊಸಾರಿಯೊ
ಡಿಸೆಂಬರಿಗೊಮ್ಮೆ ಕೊಡಿ ಹಿಡಕೊಂಡು ಬರತಿದ್ದರು:
"ಪುಡಿಂಗಿಗೆ ಅರ್ಧ, ನನಗ ಅರ್ಧ. ಯಾರಿಗೂ ಹೇಳಬ್ಯಾಡ."
ಒಂದು ಡಿಸೆಂಬರ್ ಅವರು ಬರಲಿಲ್ಲ.
ಬಾಟ್ಲಿ ಬಂದಿತ್ತು.

ಏನಲೇ ಅದು, ಕೆಮ್ಮಿನ ಔಷಧೇನು, ಅನ್ನೋರು ಗಿರಾಕಿ.
ಹಳೇದಾದಷ್ಟು ಚಲೋ ಆಗತೈತ್ರಿ, ಅನ್ನಾಂವ ನಾ.
ನನಗೇನು ಗೊತ್ತು. ಕುಡಿಯಾಂವ ಅಲ್ಲ,
ಬಿಸಿಲಾಗ ಒಂದು ಗೋಲಿ ಸೋಡಾ, ಅಷ್ಟ.

ಶ್ರಾವಣ ಮುಗದ ಮರುದಿವಸ, ಆ ಗದ್ದಲದಾಗ,
ಹಲ್ಲಿನ ಡಾಕ್ಟರು ರಜನಿ ಕಮಡೊಳ್ಳಿ
ಕತ್ತೆತ್ತಿ ನೋಡಿ ಚೀರಿದರು: "ಡ್ರೈ ಶೆರಿ! ಹುಬ್ಬಳ್ಯಾಗ!"
ಅವರದೊಂದು ಗುಂಪಂತ, ಶನಿವಾರ ಕೂಡತಾರಂತ
ವಿದ್ಯಾನಗರದ ಗಚ್ಚಿನ ಮ್ಯಾಲ. ಸಿಹಿ ವೈನು ಸಾಕಾಗೇತಂತ.
ವೈನಿನ ಮಂದಿ ಈಗ ಮತ್ತ ಇದನ್ನ ಹುಡುಕತಾರಂತ.

ಕೌಂಟರಿನಾಗ ಬಿಚ್ಚಬಾರದು. ಬಿಚ್ಚಿದರು.
ಮೂಸಿದರು. ಮಾರಿ ಸಣ್ಣದಾತು.
"ಇದು ಹೋಗೇತಿ, ಈರಬಸಣ್ಣಾ. ಇದನ್ನ ಹಿಂಗ ಇಡಬಾರದು,
ತಾಜಾ ಇದ್ದಾಗ ಮುಗಸಬೇಕು."
ರೊಕ್ಕ ಪೂರಾ ಕೊಟ್ಟರು.
ಹನ್ನೊಂದು ವರ್ಷ ನಾ ಕಾಯ್ದದ್ದು ಹೆಣ.

ಬೆಂಗಳೂರಿಂದ ಹೊಸಾದು ಬಂತು, ಹನ್ನೆರಡು ಬಾಟ್ಲಿ.
ಗಚ್ಚಿಗೆ ನಾನ ಒಯ್ದು ಕೊಟ್ಟೆ.
ಕೂಡ್ರಿಸಿದರು. ಗಿರ್ಮಿಟ್ ಕೊಟ್ಟರು. ಹೇಳಿದರು:
ಪೀಪಾಯಿ ಗಂಟಲತನಾ ತುಂಬಂಗಿಲ್ಲ,
ಅಲ್ಲಿ ಬೆಳ್ಳಗ ಕೆನಿ ಕಟ್ಟತೈತಿ, ಅದ ವೈನ ಕಾಯತೈತಿ.
ಬೂಷ್ಟು! ಅಂದೆ ನಾ.
ಉಪ್ಪಿನಕಾಯಿ ಜಾಡ್ಯಾಗ ಅಂಥದ್ದು ಕಂಡರ ನಮ್ಮವ್ವ
ಓಣಿಗೆಲ್ಲಾ ಕೇಳೂಹಂಗ ಒದರತಿದ್ದಳು:
ಹಸೀ ಕೈ ಹಾಕಿದ್ದು ಯಾರಲೇ?

ತಳದ ಪೀಪಾಯಿಂದ ಒಂದಿಷ್ಟು ತಗೀತಾರ,
ಮ್ಯಾಲಿನ ಸಾಲಿಂದ ಅಷ್ಟ ತುಂಬತಾರ,
ಹಳೇದು ಎಂದೂ ಪೂರಾ ಮುಗಿಯಂಗಿಲ್ಲ.
ಹೆಪ್ಪು, ಅಂದೆ. ಅವರು ನಕ್ಕರು. ನಾ ನಗಲಿಲ್ಲ.
ಅವ್ವ ಹೋಗಿ ಏಳು ವರ್ಷಾದರೂ
ನಮ್ಮ ಮನೀ ಮೊಸರು ಅಕೀ ಹೆಪ್ಪಿನದ.

ಒಂದು ಗುಟುಕು ಕುಡದೆ, ಸುಳ್ಳು ಯಾಕ ಹೇಳಲಿ.
ಪೇಡೇದ ನಾಲಗಿ ಸಿಹಿ ಹುಡುಕಿ ಹುಡುಕಿ ದಣೀತು.
ಉಪ್ಪು. ಬಾದಾಮಿ ಸಿಪ್ಪಿ. ತೊಳದು ಬಿಸಿಲಿಗಿಟ್ಟ ಜಾಡಿ.
ಹಿಂದಿಂದ ಗಿರ್ಮಿಟ್ಟಿನ ಹಸಿಮೆಣಸಿನಕಾಯಿ.
ಪುಡಿಂಗಿನ ಅರ್ಧಕ್ಕ ಸಕ್ಕರಿ ಇತ್ತು.
ಆ ಇನ್ನೊಂದು ಅರ್ಧದಾಗ ಏನಿತ್ತಂತ ಆಗ ತಿಳೀತು.

ಮುಂದಿನ ಶ್ರಾವಣಕ್ಕ ಈ ಮಂದಿ ಬ್ಯಾರೇನರೆ ಕೇಳಬಹುದು.
ಇವತ್ತ ರಾತ್ರಿ ವಹಿ ತಗದೆ.
ಹತ್ತು ಹೋಗ್ಯಾವ. ಶೆರಿ, ಎರಡು, ಅಂತ ಬರೀಬೇಕು.
ಕೈ ರೂಢಿಲೆ ಒಂದು ಅಂತ ಬರೀತು.
ತಿದ್ದಲಿಲ್ಲ.
ಒಂದರ ರೊಕ್ಕ ಗಲ್ಲಾದಾಗ ನಾನ ಹಾಕಿದೆ.