ಚುಕ್ಕಿಯ ಆಚೆಗೆ ಮೂರಕ್ಷರ

ಮೊದಲು ಹೆಸರು, ಹೆಸರಾದ ಮೇಲೊಂದು ಚುಕ್ಕಿ,
ಚುಕ್ಕಿಯ ಆಚೆಗೆ ನಮ್ಮ ಮೂರಕ್ಷರ:
ಸಿ, ಎ, ಟಿ.
ಕ್ಯಾಟಲನ್ ನುಡಿಗೆಂದು ಕಾದಿರಿಸಿದ ಬಾಲ.
ಇಂಗ್ಲಿಷ್ ಬಲ್ಲವರ ಕಣ್ಣಿಗೆ ಅದು ಬೆಕ್ಕು.
ಹಾಗಾಗಿ ಬಾರ್ಸಿಲೋನಾದ ಈ ನಾಲ್ಕನೇ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ನಾನು ಬೆಕ್ಕು ಓಡಿಸುತ್ತಿದ್ದೇನೆ.

ನಗಬೇಡಿ, ಇದು ಸಂಬಳದ ಕೆಲಸ.
ಮಿಯಾಮಿಯಿಂದ, ಒಸಾಕಾದಿಂದ ಅರ್ಜಿ ಬರುತ್ತವೆ
ಮೀಸೆಯ ಚಿತ್ರ, ಉಣ್ಣೆಯುಂಡೆಯ ಚಿತ್ರ ಹೊತ್ತು.
ನಾನು ಬರೆಯುತ್ತೇನೆ: ಆರು ತಿಂಗಳೊಳಗೆ
ಪುಟದಲ್ಲಿ ನಮ್ಮ ಭಾಷೆ ಕಾಣಿಸಬೇಕು,
ಇಲ್ಲದಿದ್ದರೆ ಹೆಸರು ವಾಪಸ್ಸು. ಸಹಿ, ಕೆರಾಲ್ಟ್ ಸೊಲಾನೆಸ್.
ರೊಟರ್‌ಡ್ಯಾಮಿನ ಮುದುಕನೊಬ್ಬ ಸತ್ತ ಬೆಕ್ಕಿನ ನೆನಪಿಗೆ
ಒಂದು ಹೆಸರು ಬೇಡಿದ್ದ. ಇಲ್ಲವೆಂದೆ.
ಆ ರಾತ್ರಿ ನನಗೆ ಚೆನ್ನಾಗಿಯೇ ನಿದ್ದೆ ಬಂತು.

ನಮ್ಮಜ್ಜಿಯ ಬಲಗೈ ಬೆರಳ ಗೆಣ್ಣಿನ ಮೇಲೆ
ಅಡಿಕೋಲಿನ ಗುರುತಿತ್ತು,
ಶಾಲೆಯಲ್ಲಿ ಈ ನುಡಿಯಲ್ಲಿ ನೀರು ಕೇಳಿದ್ದಕ್ಕೆ.
ಮೂರಕ್ಷರದ ಬಾಗಿಲಿಗೆ ನಾನು ಇಷ್ಟು ಗಟ್ಟಿಯಾಗಿ
ಅಗುಳಿ ಹಾಕುವುದು ಅದಕ್ಕೆ.

ಮಂಗಳವಾರ ಮೇಜಿನ ಮೇಲೆ ಎರಡು ಕಡತ.

ಒಂದು, ಹ್ಯಾಂಬರ್ಗಿನ ಬೆಕ್ಕಿನ ಆಹಾರದ ಕಂಪನಿ.
ಒಂದೇ ಪುಟ, ಯಂತ್ರ ಮಾಡಿಕೊಟ್ಟ ಕ್ಯಾಟಲನ್.
ಕಾಗುಣಿತ ಶುದ್ಧ. ವ್ಯಾಕರಣ ಇಸ್ತ್ರಿ ಹಾಕಿದ ಅಂಗಿ.
"ನಿಮ್ಮ ಬೆಕ್ಕಿನ ಯಕೃತ್ತು ನಮ್ಮ ಹೆಮ್ಮೆ" ಎಂದಿದೆ.
ಯಾರೂ ಓದಿಲ್ಲ; ಓದಲೆಂದು ಬರೆದೂ ಇಲ್ಲ.
ನಿಯಮದ ಐದು ಚೌಕಗಳಲ್ಲೂ ಸರಿ ಗುರುತು.
ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು
ನಾನು ಕಣ್ಣು ತೆರೆದು ನೋಡುತ್ತಿದ್ದೇನೆ.
ಕಟ್ಟೋಣವೆಂದರೆ ನಿಯಮಾವಳಿಯಲ್ಲಿ ಗಂಟೆಯಿಲ್ಲ.

ಇನ್ನೊಂದು, ಸಾಲ್ಟ್ ಊರಿನ ಕುಂಬಾ ಸಾನ್ಯಾಂಗ್.
ಸೇಬು ಕೀಳುವವರಿಗಾಗಿ ಆಕೆ ನಡೆಸುವ ಪುಟ:
ಯಾವ ತೋಟದ ಬಸ್ಸು ಐದೂವರೆಗೆ ಬರುತ್ತದೆ,
ಯಾವ ಮೇಸ್ತ್ರಿ ದುಡಿದ ಗಂಟೆ ಕದಿಯುತ್ತಾನೆ,
ಏಣಿಯಿಂದ ಬಿದ್ದರೆ ಯಾವ ಕಾಗದ ಬೇಕು.
ಅರ್ಧ ಮಾಂಡಿಂಕಾ. ಉಳಿದರ್ಧ ಕ್ಯಾಟಲನ್, ಕುಂಟುತ್ತ.
ಸೇಬಿಗೆ 'ಪೋಮ' ಅನ್ನಬೇಕಾದಲ್ಲೆಲ್ಲ 'ಪೊಮ್ಮ'.
ಹೆಸರಿಲ್ಲದ ದೂರು: "ಇದು ನಮ್ಮ ಭಾಷೆಯಲ್ಲ, ಕಿತ್ತುಹಾಕಿ."
ದೂರಿನ ಕಾಗುಣಿತ ಚೆನ್ನಾಗಿದೆ.

ಮೇಲಧಿಕಾರಿ ಜೋಫ್ರೆ ಹೇಳಿದ:
"ತಕ್ಕಡಿ ಒಂದೇ ಇರಬೇಕು, ಕೆರಾಲ್ಟ್.
ಇವಳನ್ನು ಬಿಟ್ಟರೆ ನಾಳೆ ಬರುವವನಿಗೆ ಏನು ಹೇಳುತ್ತಿ?"
ಸುಳ್ಳಲ್ಲ. ತಕ್ಕಡಿ ಒಂದೇ.
ಆದರೆ ಒಂದು ತಟ್ಟೆಯಲ್ಲಿ ಹಣ್ಣಿದೆ,
ಇನ್ನೊಂದರಲ್ಲಿ ಹಣ್ಣಿನ ಚಿತ್ರ.

ಫೋನು ಮಾಡಿದೆ. ಆ ಕಡೆ ಕ್ರೇಟುಗಳ ಸದ್ದು.
"ಶ್ರೀಮತಿ ಸಾನ್ಯಾಂಗ್, ನಿಮ್ಮ ಹೆಸರಿನ ನೋಂದಣಿಯ ಬಗ್ಗೆ..."
ವಾಕ್ಯ ಮುಗಿಸಿದ್ದೆ, ಅರಿವೇ ಇಲ್ಲದೆ, ಸ್ಪ್ಯಾನಿಷ್‌ನಲ್ಲಿ.
ಆಕೆ ಉತ್ತರಿಸಿದ್ದು ಕ್ಯಾಟಲನ್‌ನಲ್ಲಿ,
ಒಂದೊಂದೇ ಪದ, ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ:

"ನೀವೂನಾ?
ಬ್ಯಾಂಕಿನವರು, ಡಾಕ್ಟರು, ಮಗನ ಟೀಚರು,
ನನ್ನ ಹೆಸರು ಕೇಳಿದ ಕೂಡಲೇ ಭಾಷೆ ಬದಲಿಸುತ್ತಾರೆ,
ಹೊರಗಿನವರು ಬಂದರೆಂದು ಒಳ್ಳೆಯ ತಟ್ಟೆ ಎತ್ತಿಟ್ಟ ಹಾಗೆ.
ಸೇಬು ತೂಗುವ ಮುದುಕಿ ಒಬ್ಬಳೇ ಬದಲಿಸಲಿಲ್ಲ.
ಇದೇ ಊರಲ್ಲಿ ಹುಟ್ಟಿದವಳು, ಬಾಯಲ್ಲಿ ಹಲ್ಲಿಲ್ಲ.
'ಪೊಮ್ಮ' ಅಂತಿದ್ದಳು.
ಅವಳು ಹೇಳಿಕೊಟ್ಟ ಹಾಗೇ ಬರೆದಿದ್ದೇನೆ."

ಎಷ್ಟು ಹೊತ್ತು ಸುಮ್ಮನಿದ್ದೆನೋ.
ಆಕೆ "ಹಲೋ, ಹಲೋ" ಎಂದಳು.

ಕಡತದಲ್ಲಿ ಬರೆದೆ: ಭಾಷೆಯನ್ನು ಫೋನಿನಲ್ಲಿ ಪರಿಶೀಲಿಸಲಾಗಿದೆ.
ಅರ್ಜಿದಾರಳು ಉತ್ತೀರ್ಣ.
ಪರಿಶೀಲಕಿ, ಒಂದು ವಾಕ್ಯದ ಮಟ್ಟಿಗೆ, ಅನುತ್ತೀರ್ಣ.
ಜೋಫ್ರೆ ಕೊನೆಯ ಸಾಲು ಹೊಡೆದುಹಾಕಿ ಸಹಿ ಮಾಡಿದ.

ಹ್ಯಾಂಬರ್ಗಿನ ಬೆಕ್ಕು ಇನ್ನೂ ಹಾಲು ಕುಡಿಯುತ್ತಿದೆ.
ಅದಕ್ಕೆ ಯಾವ ಕಲಮು ಸಾಕಾದೀತೆಂದು
ಊಟದ ಹೊತ್ತಲ್ಲಿ ನಿಯಮಾವಳಿ ತಿರುವುತ್ತಿದ್ದೇನೆ,
ಪಕ್ಕದಲ್ಲಿ ಹೆಚ್ಚಿಟ್ಟ ಸೇಬು ಕಂದುತ್ತಿದೆ.
ಪೊಮ್ಮ, ಎಂದು ಒಮ್ಮೆ ಹೇಳಿ ನೋಡಿದೆ.
ತುಟಿಗೆ ತುಟಿ ಕೂಡುವಲ್ಲಿ ಆ ಒಂದು ಒತ್ತು
ತಪ್ಪೆನಿಸಲಿಲ್ಲ.