ತಿದಿ

ಖಡಕಿಯ ಕಲ್ಲು ದೇವಾಲಯದಲ್ಲಿ ನಮ್ಮ ಪಾಳಿ ನಾಲ್ಕಕ್ಕೆ.
ಒಂಬತ್ತಕ್ಕೆ ಮರಾಠಿ, ಹನ್ನೊಂದಕ್ಕೆ ತಮಿಳು;
ಅವರ ಮಲ್ಲಿಗೆಯ ವಾಸನೆ ಬೆಂಚಿನಿಂದ ಇಳಿಯುವ ಹೊತ್ತಿಗೆ
ನಾವು, ಮದ್ದಿನ ಕಾರ್ಖಾನೆಯ ಕನ್ನಡದವರು,
ಬೆಟಗೇರಿಯಿಂದ ಬಂದವರ ಮಕ್ಕಳು ಮೊಮ್ಮಕ್ಕಳು,
ಬಾಗಿಲಾಚೆ ನಲವತ್ತು ಜೊತೆ ಚಪ್ಪಲಿ.

ನಾನು ಪೇಟಿ ಬಾರಿಸುವವ.
ಅಪ್ಪ ಬಾರಿಸಿದ ಪೇಟಿ, ಅಪ್ಪ ಕೂತ ಮೂಲೆ.
ಮೂವತ್ತೊಂದು ವರ್ಷ. ಬೆರಳಿಗೆ ಎಲ್ಲ ಗೊತ್ತು,
ಎಷ್ಟು ಗೊತ್ತೆಂದರೆ
ಕರುಣಿಸು ಎಂದು ಸಭೆ ತಲೆ ತಗ್ಗಿಸುವಾಗ
ನಾನು ಸಿಲಿಂಡರು ತಂದ ದಿನ ಎಣಿಸುತ್ತಿದ್ದೆ,
ಪ್ರಸಂಗ ಉದ್ದವಾದರೆ
ಲೋಣಾವಳಾ ಲೋಕಲ್ ಬಂತೋ ಹೋಯಿತೋ ಎಂದು.
ಪೇಟಿಯ ಜಾಗವೇ ಹಾಗೆ, ವೇದಿಕೆಗೆ ಓರೆ;
ದೇವರ ಮನೆಯಲ್ಲಿ ಕೂತೇ ದೇವರಿಗೆ ಅರ್ಧ ಬೆನ್ನು.

ಈಸ್ಟರ್ ಮುಗಿದ ಮೇಲೆ ಉಜ್ಜೀವನ ಕೂಟ.
ಮೂರು ರಾತ್ರಿ. ಸೋಲಾಪುರದಿಂದ ಪ್ರಸಂಗಿ,
ಆಳೆತ್ತರದ ಸ್ಪೀಕರು, ಬಾಡಿಗೆಯ ಡ್ರಮ್ಮು.
ಬೆಂಕಿ ಇಳಿಯಲಿ ಎಂದರು ಅವರು,
ಇಳಿದದ್ದು ಜೀಪಿನಿಂದ ಪೊಲೀಸು.
ನಗಲಿಕ್ಕೆ ಹೇಳುತ್ತಿಲ್ಲ. ಅತ್ತವರು ನಿಜವಾಗಿಯೇ ಅತ್ತರು.
ನನ್ನ ತಮ್ಮ ಸುಗುಣಪ್ಪ ಕುಡಿತ ಬಿಡುವೆನೆಂದು ಕೈ ಎತ್ತಿದ,
ಬಿಟ್ಟಿದ್ದಾನೆ, ಇವತ್ತಿಗೆ ಹತ್ತು ವಾರ.
ನಾನೂ ಎತ್ತಿದೆ. ಎಲ್ಲರೂ ಎತ್ತಿದ್ದರಲ್ಲ.
ಇಳಿಸಿದಾಗ ಕಂಕುಳಲ್ಲಿ ಬೆವರಿತ್ತು.

ಮುಂದಿನ ಭಾನುವಾರ ಮುಚ್ಚಳ ತೆಗೆದರೆ
ತಿದಿಯನ್ನು ಇಲಿ ಕಡಿದಿತ್ತು.
ಒತ್ತಿದರೆ ಸ್ವರವಿಲ್ಲ, ಮುದುಕನ ಉಬ್ಬಸ.
ಅಯ್ಯನವರು ನನ್ನ ಮುಖ ನೋಡಿದರು, ನಾನು ಕೈ ಚೆಲ್ಲಿದೆ.
ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ.

ಆಗ ಹಿಂದಿನ ಬೆಂಚಿನಿಂದ ತಬಿತವ್ವ,
ಬೆಳಗಿನಿಂದ ಮೂರು ಭಾಷೆಯ ಕಸ ಗುಡಿಸುವವಳು,
ಯಾವ ಕೂಟದಲ್ಲೂ ಎದ್ದು ಸಾಕ್ಷಿ ಹೇಳದವಳು,
ಹಾಡತೊಡಗಿದಳು.
ಶ್ರುತಿ ಇಲ್ಲ. ಹಲ್ಲಿಲ್ಲದ ಬಾಯಲ್ಲಿ ಸಕಾರಗಳೆಲ್ಲ ಗಾಳಿ.
ಹಾಡುತ್ತಿದ್ದದ್ದು ನಮಗಲ್ಲ, ಅದು ತಿಳಿಯುತ್ತಿತ್ತು.
ಮನೆಗೆ ಹಿರಿಯರು ಬಂದಾಗ
ಒಲೆ ಮುಂದಿನಿಂದ ಎದ್ದು ಸೆರಗು ಸರಿಮಾಡಿಕೊಂಡು
ಮಾತಾಡುತ್ತಾರಲ್ಲ, ಆ ದನಿ.
ಚಪ್ಪಲಿ ಬಿಟ್ಟು ಒಳಗೆ ಬಂದ ದನಿ.

ಒಬ್ಬೊಬ್ಬರೇ ಸೇರಿದರು, ನಿಧಾನ,
ತುಂಬಿದ ಕೊಡ ಹೊತ್ತವರ ಹಾಗೆ.

ನನ್ನ ಕೈಗೆ ಕೆಲಸವಿರಲಿಲ್ಲ.
ಎಲ್ಲಿಡಬೇಕು ತಿಳಿಯದೆ ತೊಡೆಯ ಮೇಲಿಟ್ಟೆ,
ಬೆನ್ನ ಹಿಂದಿಟ್ಟೆ, ಕೊನೆಗೆ
ಒಂದಕ್ಕೊಂದು ಜೋಡಿಸಿದೆ.
ಆಮೇಲೆ ಮೊಣಕಾಲು ತಾನಾಗಿ ಮಡಚಿತು,
ಡಾಕ್ಟರು ಮಡಚಬೇಡ ಎಂದ ಅದೇ ಎಡಗಾಲು.
ಮೂವತ್ತೊಂದು ವರ್ಷ ಬಾರಿಸಿದ ಹಾಡಿನ ಮಾತು
ಮೊದಲ ಸಲ ಕಿವಿಗೆ ಬಿತ್ತು.
ಯಾವ ಮಾತು ಎಂದು ಕೇಳಬೇಡಿ.

ಸೋಮವಾರ ಪೇಟಿ ಹೊತ್ತು ಬುಧವಾರ ಪೇಟೆಗೆ ಹೋದೆ.
ಗೈಬೀಸಾಹೇಬರು ಕವಚ ಬಿಚ್ಚಿ, ಕನ್ನಡಕ ಹಣೆಗೇರಿಸಿ
ಹಿತ್ತಾಳೆಯ ನಾಲಗೆಗಳನ್ನು ಒಂದೊಂದೇ ಮೀಟಿದರು.
"ಸ್ವರಕ್ಕೇನೂ ಆಗಿಲ್ಲ. ಉಸಿರು ನಿಲ್ಲುತ್ತಿಲ್ಲ, ಅಷ್ಟೆ.
ಇಲಿಯ ತೂತು ನಿನ್ನೆ ಮೊನ್ನೆಯದು, ಅದನ್ನು ಬಿಡಿ.
ಈ ಮಡಿಕೆಗಳಲ್ಲಿ ನೋಡಿ, ಎಷ್ಟೋ ವರ್ಷದಿಂದ ಸೋರುತ್ತಿದೆ.
ನಿಮಗೆ ಗೊತ್ತೇ ಆಗಲಿಲ್ಲವೇ?"
ಜೋರಾಗಿ ಒತ್ತುತ್ತಿದ್ದೆ, ಎಂದೆ.

ಹೊಸ ಚರ್ಮ ಕೂರಲು ಎರಡು ವಾರ ಬೇಕಂತೆ.
ಅವಸರವಿಲ್ಲ ಎಂದು ಹೇಳಿ ಬಂದೆ.

ಈಗ ಭಾನುವಾರ ಮೂರಕ್ಕೇ ಹೋಗುತ್ತೇನೆ.
ತಬಿತವ್ವ ಆ ಕಡೆಯಿಂದ, ನಾನು ಈ ಕಡೆಯಿಂದ ಗುಡಿಸುತ್ತೇವೆ.
ತಮಿಳರ ಬಾಡಿದ ಮಲ್ಲಿಗೆ, ಮಕ್ಕಳ ಪೆಪ್ಪರ್‌ಮಿಂಟು ಕಾಗದ,
ಯಾರೋ ಬರೆದು ಬೀಳಿಸಿಹೋದ ಪ್ರಾರ್ಥನೆಯ ಚೀಟಿ.
ಚೀಟಿಗಳನ್ನು ಅವಳು ಓದಲಾರಳು, ಎಸೆಯಲೂ ಆರಳು,
ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ.
ಏನು ಮಾಡ್ತೀಯವ್ವ ಇವನ್ನ, ಎಂದೆ.

"ಏನ್ ಬರದಾರೋ, ಅವಂಗ ಗೊತ್ತು.
ನಾ ಬರೇ ಮುಟ್ಟಸ್ತೀನ್ರೀ."