ಸೈರನ್ ತೆಗೆದ ಮೇಲೆ

ಹರಾಜಿನಲ್ಲಿ ಕೊಂಡೆವು ನಾಲ್ವರೂ ಸೇರಿ,
ದೊಡ್ಡಾಸ್ಪತ್ರೆಯ ಹಿತ್ತಿಲಲ್ಲಿ ಬಳ್ಳಿ ಹಬ್ಬಿಸಿಕೊಂಡು ಕೂತಿದ್ದ
ಏಳನೇ ನಂಬರಿನ ಆಂಬುಲೆನ್ಸು.
ಸೈರನ್ನು ಸರ್ಕಾರವೇ ಕಿತ್ತಿಟ್ಟುಕೊಂಡಿತ್ತು.
ಉಳಿದದ್ದು ಆಟೋ ಕಾಂಪ್ಲೆಕ್ಸಿನ ಸಿರಾಜನ ಕೈಚಳಕ:
ಸ್ಟ್ರೆಚರಿನ ಜಾಗಕ್ಕೆ ಎರಡಂತಸ್ತಿನ ಮಂಚ,
ಸಿಲಿಂಡರಿದ್ದಲ್ಲಿ ಸಿಲಿಂಡರೇ, ಈ ಸಲ ಅಡಿಗೆಯದು,
ಸಲೈನ್ ಕೊಕ್ಕೆಗೆ ಪುಟ್ಟಬಾಳೆಯ ಚಿಪ್ಪು.
ಕೆಂಪು ಕ್ರಾಸಿನ ಮೇಲೆ ಮೂರು ಕೈ ಹಳದಿ ಬಣ್ಣ;
ಆದರೂ ಬಿಸಿಲು ಓರೆಯಾದಾಗ ಇಣುಕುತ್ತದೆ,
ಹಳೆ ಹೊಲಿಗೆಯ ಗುರುತಿನ ಹಾಗೆ.

ಓಡಿಸುವವಳು ಜುಬೇದಾ. ಐವತ್ತೊಂಬತ್ತಕ್ಕೆ ಲೈಸೆನ್ಸು.
ಗೇರು ಬದಲಿಸುವಾಗ ಅವಳು ಬಿಸ್ಮಿಲ್ಲಾ,
ಬ್ರೇಕು ಒತ್ತಿದಾಗ ಫಿಲೋಮಿನಾ ಯೇಸುವೇ,
ತಿರುವು ಬಂತೆಂದರೆ
ನಾನೂ ರತ್ನಾಕ್ಷಿಯೂ ಕಣ್ಮುಚ್ಚಿರುತ್ತೇವೆ.

ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ.
ಮಾವುತ ಬೆನ್ನು ತಿಕ್ಕುತ್ತಿದ್ದರೆ ರತ್ನಾಕ್ಷಿಗೆ ತಡೆಯಲಿಲ್ಲ:
"ಕಿವಿಯ ಹಿಂದೆ ಕಣಪ್ಪಾ, ಕಿವಿಯ ಹಿಂದೆ!"
ಮೂವತ್ತು ವರ್ಷ ಮಲಗಿದ್ದವರ ಮೈ ಒರೆಸಿದ ಕೈ ಅದು.

ಮಂಡಗದ್ದೆಯ ಹಕ್ಕಿಗಳು ಡಿಸ್ಚಾರ್ಜ್ ಆಗಿ ತಿಂಗಳಾಗಿತ್ತು.
ಹೊಳೆ ನಡುವಿನ ಮರಗಳಲ್ಲಿ ಖಾಲಿ ಗೂಡು, ಬಿಳಿ ಹಿಕ್ಕೆ.
ಒಂದೇ ಒಂದು ಮರಿ,
ರೆಕ್ಕೆ ಬಲಿಯದ್ದೋ, ಹೊರಡಲು ಮನಸ್ಸಿಲ್ಲದ್ದೋ,
ನಾವು ಟೀ ಕುಡಿದು ಲೋಟ ತೊಳೆಯುವವರೆಗೂ ಅಲ್ಲೇ ಇತ್ತು.
ಯಾರೂ ಮಾತಾಡಲಿಲ್ಲ.
ಎಲ್ಲ ವಾರ್ಡಿನಲ್ಲೂ ಅಂಥ ಒಬ್ಬರಿರುತ್ತಾರೆ.

ಶೃಂಗೇರಿ ದಾಟಿ ಕೆರೆಕಟ್ಟೆ. ರಾಷ್ಟ್ರೀಯ ಉದ್ಯಾನದ ಗೇಟು.
ಗಾರ್ಡು ಹುಡುಗ ಬಣ್ಣದೊಳಗಿನ ಕ್ರಾಸು ಕಂಡು
ಓಡಿ ಬಂದ: "ಪೇಷೆಂಟ್ ಯಾರು?"
"ನಾವೇ," ಅಂದಳು ಫಿಲೋಮಿನಾ, "ನಾಲ್ಕೂ ಜನ. ಅರ್ಜೆಂಟಿಲ್ಲ."
ಅವನು ನಗಲಿಲ್ಲ. ಚೀಟಿ ಬರೆದ,
ಒಳಹೊಕ್ಕ ವೇಳೆ ನಾಲ್ಕು ಹತ್ತು.
ಮೂವತ್ತರ ಮೇಲೆ ಓಡಿಸಬೇಡಿ. ನಡುವೆ ನಿಲ್ಲಿಸಬೇಡಿ.
ಹಾರ್ನ್ ಮಾಡಲೇಬೇಡಿ.
ಜುಬೇದಾ ಸ್ಟೀರಿಂಗ್ ತಟ್ಟಿ ಗಾಡಿಗೇ ಕೇಳಿದಳು:
"ಕೇಳಿಸ್ತಾ?"

ಹತ್ತೊಂಬತ್ತು ವರ್ಷ ಅರಚಿಕೊಂಡೇ ಓಡಿದ ಗಾಡಿ.
ಆಗುಂಬೆಯ ಒಂದು ತಿರುವಿನಲ್ಲಿ ಹೆರಿಗೆ, ಅವಳಿ.
ಆಯನೂರು ದಾಟುವಷ್ಟರಲ್ಲಿ ತಣ್ಣಗಾದ ಒಂದು ಕೈ;
ಅದು ನನ್ನ ಕೈಯೊಳಗಿತ್ತು, ಶಿವಮೊಗ್ಗದವರೆಗೂ ಬಿಡಲಿಲ್ಲ.
ಪಕ್ಕದಲ್ಲೇ ಹೆಂಡತಿ ಕೂತಿದ್ದಳು,
ಹೇಗೆ ಬಿಡಲಿ?

ಶೋಲಾ ಮುಗಿದು ಹುಲ್ಲುಗುಡ್ಡ ತೆರೆದಾಗ
ಮುಳ್ಳು ಹದಿನೈದಕ್ಕಿಳಿದಿತ್ತು.
ಹುಲಿ ಕಾಣಲಿಲ್ಲ. ಕಡವೆಯೊಂದು ರಸ್ತೆ ನಡುವೆ ನಿಂತು
ತಲೆಯೆತ್ತಿ ನೋಡಿ, ಮತ್ತೆ ಅಂಚಿನ ಹುಲ್ಲಿಗೆ ಬಾಯಿ ಹಾಕಿತು.
ಲಾರಿ, ಬಸ್ಸು, ಮಂತ್ರಿಯ ಕಾರು, ಮದುವೆ ದಿಬ್ಬಣ
ಎಲ್ಲ ಸರಿದು ನಿಂತಿದ್ದವು ಏಳನೇ ನಂಬರಿಗೆ;
ದಾರಿ ಬಿಡದ ಮೊದಲ ಜೀವ ಇದು.
ಎಂಜಿನ್ ಆರಿಸಿ ಕಾದೆವು.
ನಿಲ್ಲಿಸಬಾರದೆಂಬುದು ನೆನಪಿತ್ತು.

ಆಚೆ ಗೇಟಿನವನು ಚೀಟಿ ನೋಡಿ, ಗಡಿಯಾರ ನೋಡಿ,
"ನಲವತ್ತು ನಿಮಿಷ ಲೇಟು ಕಣ್ರಮ್ಮ" ಅಂದ.
ಆ ಮಾತಿಗೆ ಹಿಂದೆಲ್ಲ ಎದೆ ಧಸಕ್ಕೆನ್ನುತ್ತಿತ್ತು.
ದಂಡ ಕಟ್ಟುವಾಗ ರತ್ನಾಕ್ಷಿ ರಸೀದಿ ಕೇಳಿ ಇಸಕೊಂಡಳು,
ಮಡಚಿ ಪರ್ಸಿನ ಒಳಜೇಬಿಗಿಟ್ಟಳು.

ರಾತ್ರಿ, ಮುಚ್ಚಿದ ಟೀ ಅಂಗಡಿಯ ಅಂಗಳ.
ಮೇಲಿನ ಮಂಚ ನನ್ನದು.
ಕೊಕ್ಕೆಯಲ್ಲಿ ಉಳಿದೆರಡು ಹಣ್ಣು ಸುಮ್ಮನೆ ತೂಗುತ್ತಿದ್ದವು.
ಅಭ್ಯಾಸಬಲ, ಕತ್ತಲಲ್ಲಿ ಮೂವರ ಉಸಿರು ಎಣಿಸಿದೆ;
ಒಬ್ಬಳ ಗೊರಕೆಯೂ ಸೇರಿ ಎಲ್ಲ ಸರಿಯಿತ್ತು.
ಕೆಳಗಿಂದ ಜುಬೇದಾಳ ದನಿ:
"ನಿಂದು ಹದಿನೆಂಟು. ಮಲಕ್ಕೊ."